ಅಕ್ಕೋರಿಗೆ ಬರೆಯದ ಚೀಟಿ

ಅರಿಷಿಣದ ವಾಸನೆ ನಮ್ಮ ಲ್ಯಾಬಿಗೆ ಬರುವಂಥದ್ದಲ್ಲ. ಇಲ್ಲಿರುವುದು ಏಸಿಯ ತಣ್ಣನೆ ಗಾಳಿ, ಕಾದ ಚಾರ್ಜರುಗಳ ವಾಸನೆ, ಮಧ್ಯಾಹ್ನ ಯಾರಾದರೂ ಡಬ್ಬಿ ಬಿಚ್ಚಿದರೆ ಒಂದಿಷ್ಟು ಶೇಂಗಾ ಚಟ್ನಿಯ ಘಮ. ಹೋದ ಸೋಮವಾರ ಮಾತ್ರ ನನ್ನ ಮೇಜಿನ ಮೇಲೆ ಒಂದು ಲಗ್ನಪತ್ರಿಕೆ ಬಂದು ಕೂತಿತು. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದ್ದು, ನಡುವೆ ಕುಂಕುಮದ ಬೊಟ್ಟು. ಹಚ್ಚಿದವರು ಕೈ ಹಿಡಿದಿರಲಿಲ್ಲ. ಮುಟ್ಟಿದರೆ ಬೆರಳಿಗೆ ಹತ್ತುವಷ್ಟು ದಪ್ಪ.

ಅದನ್ನು ತಂದವನು ನಮ್ಮೂರಿನವನೇ. ಯಲವಿಗಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು, ಕಾಲೇಜು ಕೇಳಿಕೊಂಡು ಬಂದು ನನ್ನ ಕೈಗೇ ಕೊಟ್ಟು ಹೋದ. ಒಂದು ಕಾಲಕ್ಕೆ ಎಲ್ಲರಿಗಿಂತ ಮೊದಲು ಫೋನಿನಲ್ಲೇ ಪತ್ರಿಕೆ ಕಳಿಸುವ ಚಟ ಹತ್ತಿಸಿಕೊಂಡಿದ್ದ ಊರು ನಮ್ಮದು. ಈಗ ಯಾರೂ ಹಾಗೆ ಕಳಿಸುವುದಿಲ್ಲ. ಕಳಿಸಿದರೂ ಯಾರೂ ತೆಗೆಯುವುದಿಲ್ಲ.

ಆ ಅರಿಷಿಣ ಮೂಗಿಗೆ ಬಡಿದದ್ದೇ ತಡ, ಅಕ್ಕೋರು ಎದ್ದು ಬಂದರು...

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ಅವರಿಗೂ ಹೆಸರು ಇರುತ್ತದೆ, ಆದರೆ ಅದು ಹಾಜರಿ ಪುಸ್ತಕದ ರಟ್ಟಿನ ಮೇಲಷ್ಟೇ. ನಮ್ಮ ಅಕ್ಕೋರು ಹಾನಗಲ್ಲ ಕಡೆಯ ಹಳ್ಳಿಯವರು. ನಮ್ಮ ಹಾಗೇ, ಗೋಡೆಗೆ ಬುದ್ಧನ ಪಟ ತೂಗುಹಾಕಿದ ಮನೆಯವರು. ಸವಣೂರು ತಾಲೂಕಿನ ನಮ್ಮೂರ ಸಾಲಿಗೆ ಬಂದಾಗ ಊರೊಳಗೆ ಬಾಡಿಗೆ ಮನೆ ಕೇಳಿದರಂತೆ. ಒಬ್ಬರ ಮನೆಯಲ್ಲಿ ರಿಪೇರಿ ನಡೆದಿತ್ತು, ಇನ್ನೊಬ್ಬರ ಮನೆಗೆ ಬೀಗರು ಬರುವವರಿದ್ದರು, ಮತ್ತೊಬ್ಬರು ಕೀಲಿಕೈ ಕಳೆದುಕೊಂಡಿದ್ದರು. ಕೊನೆಗೆ ನಮ್ಮ ಕೇರಿಯಲ್ಲಿ, ನಮ್ಮ ಮನೆಯ ಗೋಡೆಗೆ ಹತ್ತಿಕೊಂಡಿದ್ದ ಒಂದು ಖೋಲಿಗೆ ಬಂದು ಟ್ರಂಕು ಇಳಿಸಿದರು. ಅವ್ವ ಹತ್ತಿ ಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸ ಮುಗಿಸಿ ಬರುವಾಗ ಕತ್ತಲಾಗುತ್ತಿತ್ತು. ಅಪ್ಪ ಶಿಗ್ಗಾಂವಿಯ ಕಾಳಿನ ಪ್ಯಾಟಿಯಲ್ಲಿ ಹಮಾಲಿ. ಸಂಜೆ ನನಗೆ ಅಕ್ಕೋರ ಖೋಲಿಯೇ ಮನೆ.

ಅವರು ಕನ್ನಡ ಕಲಿಸುತ್ತಿದ್ದ ರೀತಿ ಬೇರೆ ಯಾರಲ್ಲೂ ನಾನು ಕಂಡಿಲ್ಲ. ಪತ್ರಲೇಖನದ ಪಾಠ ಬಂತೆಂದರೆ ಪುಸ್ತಕ ಮುಚ್ಚಿಸುತ್ತಿದ್ದರು. "ನಿಮ್ಮ ನಿಮ್ಮ ಮನಿಗೆ ನನ್ನ ಕರೀರಿ. ಯಾಕ ಕರಿಯಾಕತ್ತೀರಿ, ಯಾವತ್ತು, ಎಷ್ಟೊತ್ತಿಗೆ, ಎಲ್ಲಾ ಬರೀಬೇಕು. ಚಂದಾಗಿ ಬರದ್ರ ಬರ್ತೇನಿ," ಅನ್ನುತ್ತಿದ್ದರು. ನಾವು ಅದಕ್ಕೆ ಚೀಟಿ ಅನ್ನುತ್ತಿದ್ದೆವು. ಅವರು ಆಟಕ್ಕೆ ಹೇಳುತ್ತಿರಲಿಲ್ಲ. ಚೀಟಿ ಬರೆದವರ ಮನೆಗೆ ಖರೇನೇ ಹೋಗುತ್ತಿದ್ದರು.

ಮೊದಲು ಬರೆದವನು ದೊಡ್ಡಮನಿ ಹುಡುಗ. ಊರ ನಡುವಿನ ಕಲ್ಲಿನ ಮನೆ, ಹೊಲ, ಎರಡು ಜೋಡಿ ಎತ್ತು, ಹಣೆ ತುಂಬ ವಿಭೂತಿ ಹಚ್ಚುವ ಮನೆತನ. ಅವರ ಎಮ್ಮೆ ಈದಿತ್ತು. "ಪೂಜ್ಯ ಅಕ್ಕೋರಿಗೆ, ನಮ್ಮ ಮನೆಯಲ್ಲಿ ಎಮ್ಮೆ ಈದಿದೆ. ಗಿಣ್ಣ ಮಾಡುತ್ತಾರೆ. ತಾವು ತಪ್ಪದೆ ಬರಬೇಕು," ಅಂತ ಬರೆದ. ಸಂಜೆ ಅಕ್ಕೋರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಆ ಚೀಟಿಯನ್ನು ಕೈಯಲ್ಲಿ ಹಿಡಿದು ಹೊರಟರು. ಹಿಂದೆ ನಾವೊಂದಿಷ್ಟು ಮಂದಿ ಚಿಳ್ಳಿಪಿಳ್ಳಿ.

ಹುಡುಗನ ಅಜ್ಜಿ ಕಟ್ಟೆಯ ಮೇಲೆ ಕೂತು ಅಡಕಿ ಕತ್ತರಿಸುತ್ತಿದ್ದಳು. ಅಕ್ಕೋರನ್ನು ಕಂಡು ಅಡಕೊತ್ತು ನಿಂತಿತು.

"ಏನ್ರಿ ಅಕ್ಕೋರ, ಈ ಕಡೆ?"

"ಕರದಾರ್ರಿ ಯಮ್ಮಾ. ಬಂದೇನಿ."

"ಯಾರ್ ಕರದಾರ?"

"ನಿಮ್ಮ ಮೊಮ್ಮಗ. ಗಿಣ್ಣ ತಿನ್ನಾಕ." ಚೀಟಿ ಮುಂದೆ ಚಾಚಿದರು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಚೀಟಿಯನ್ನು ತಿರುವಿ ಮುರುವಿ ನೋಡಿ, ಕಂಬದ ಹಿಂದೆ ಅಡಗಿದ್ದ ಮೊಮ್ಮಗನ ಕಡೆ ತಿರುಗಿದಳು. "ಏ ಮೂಳಾ, ಎಮ್ಮಿ ಈದದ್ದಕ್ಕ ಡಂಗುರಾ ಹೊಡಿ ಅಂತ ಯಾರ್ ಹೇಳಿದ್ರೋ ನಿನಗ?"

"ಅಕ್ಕೋರ ಮಾರ್ಕ್ಸ್ ಕೊಡ್ತಾರ ಬೇ!" ಅಂತ ಅವನು ಅಲ್ಲಿಂದಲೇ ಕೂಗಿದ.

ನಾವೆಲ್ಲ ಕಿಸಕ್ಕನೆ ನಕ್ಕೆವು. ಅಕ್ಕೋರು ನಗಲಿಲ್ಲ, ಒಳಗೂ ಕಾಲಿಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಚೀಟಿ ಹಿಡಿದು ನಿಂತೇ ಇದ್ದರು. ಕರೆದು ಬಾಗಿಲಿಗೆ ಬಂದವರನ್ನು ಹೊಳ್ಳಿ ಕಳಿಸಿದರೆ ಮನೆಯ ಮಾನ ಹೋಗುತ್ತದೆ ಅನ್ನುವುದು ಅಜ್ಜಿಗೂ ಗೊತ್ತು, ಅಕ್ಕೋರಿಗೂ ಗೊತ್ತು. ಅಜ್ಜಿ ಅಡಕಿ ತಟ್ಟೆ ಸರಿಸಿ, ಯಾರ ಮೇಲೋ ಸಿಟ್ಟಾದವಳ ಹಾಗೆ ಅಂದಳು, "ಒಳಗ ಬರ್ರಿ. ಕುಂದರ್ರಿ."

ಆ ವರ್ಷ ಗಿಣ್ಣವನ್ನು ಎಲೆಯಲ್ಲಿ ಕೊಟ್ಟರು. ಮುಂದಿನ ವರ್ಷ ತಾಟಿನಲ್ಲಿ.

ಹೀಗೆ ಊರೆಲ್ಲ ಆಯಿತು. ಬಾವಿಗೆ ನೀರು ಬಂತೆಂದು, ಅಕ್ಕನಿಗೆ ಗಂಡು ನೋಡಿದರೆಂದು, ಹೊಸ ಹಂಚು ಹೊದಿಸಿದರೆಂದು, ಒಬ್ಬನಂತೂ ಅಪ್ಪ ಕುಡಿಯುವುದು ಬಿಟ್ಟ ಎಂದು ಚೀಟಿ ಬರೆದ. ಎಲ್ಲ ಕಡೆ ಅಕ್ಕೋರು ಹೋದರು. ಮೊದಮೊದಲು ಚೀಟಿ ಹಿಡಿದು ಹೋಗುತ್ತಿದ್ದರು, ಆಮೇಲೆ ಚೀಟಿ ಬೇಕಾಗಲಿಲ್ಲ. ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಊರ ಪಡಸಾಲೆಗಳಲ್ಲಿ ಕೂತು ಚಹಾ ಕುಡಿಯುವ ಹಾಗಾದದ್ದು ಯಾವ ಭಾಷಣದಿಂದಲೂ ಅಲ್ಲ, ಮಕ್ಕಳ ಸೊಟ್ಟ ಅಕ್ಷರದ ಚೀಟಿಗಳಿಂದ. ಕರೆದ ಮೇಲೆ ಹೋಗಬೇಕು. ಹೋಗದಿದ್ದರೆ ಕರೆದವರ ಮಾರಿ ಸಣ್ಣದಾಗುತ್ತದೆ. ಇದು ಅವರು ನಮಗೆ ಕಲಿಸಿದ ಮೊದಲ ಪಾಠ, ಮಗ್ಗಿಗಿಂತ ಮೊದಲು.

ನನ್ನ ಚೀಟಿಯನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ.

ನಾನು ಬರೆದುಕೊಂಡು ಹೋಗಿದ್ದೆ. ಅವ್ವ ಹೋಳಿಗೆ ಮಾಡುತ್ತಾಳೆ, ಬರ್ರಿ ಅಂತ. ಅಕ್ಕೋರು ಓದದೆ ಮಡಚಿ ವಾಪಸ್ ಕೊಟ್ಟರು. "ನಿಮ್ಮನ್ಯಾಗ ದಿನಾ ಉಣ್ಣಾಕತ್ತೇನಿ. ಮನಿಯವರಿಗೆ ಯಾರರ ಚೀಟಿ ಕೊಡ್ತಾರೇನ ಹುಚ್ಚಿ?" ನನಗೆ ಅಳು ಬಂತು. ಎಲ್ಲರ ಚೀಟಿ ಬೇಕು, ನನ್ನದೊಂದು ಬೇಡ ಅಂದರೆ? ಎರಡು ದಿನ ಅವರ ಖೋಲಿಯ ಕಡೆ ಹಾಯಲಿಲ್ಲ. ಆಮೇಲೆ ಅವರೇ ಕರೆದು ತಲೆಗೆ ಎಣ್ಣೆ ಹಚ್ಚುತ್ತ ಅಂದರು, "ನೀ ಲಗ್ನ ಆಗು, ಇಲ್ಲಾ ಊರಾಗ ಯಾರೂ ಮಾಡಲಾರದ್ದು ಒಂದು ಮಾಡು. ಅವತ್ತ ಬರಿ. ಎಲ್ಲಿದ್ರೂ ಬರ್ತೇನಿ."

ಆ ಮಾತು ನನ್ನ ಲೆಕ್ಕದಲ್ಲಿ ಉಳಿಯಿತು. ಅವರ ಲೆಕ್ಕದಲ್ಲೂ ಉಳಿದಿತ್ತು ಅನ್ನುವುದು ಗೊತ್ತಾದದ್ದು ಬಹಳ ತಡವಾಗಿ...

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲಿಕ್ಕೆ ನನಗೆ ನಾಚಿಕೆ ಇಲ್ಲ. ಅಪ್ಪನ ಬೆನ್ನು, ಅವ್ವನ ಬೆರಳು, ಅಕ್ಕೋರ ಬೈಗುಳ, ಈ ಮೂರರಿಂದ ಇಲ್ಲಿಗೆ ಬಂದವಳು. ಎಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಹೋಗೆಂದವರ ಮಾತು ಕೇಳದೆ, ಸಂಶೋಧನೆಗೆ ಸೇರಿದೆ. ವಿಷಯ, ಮೊಬೈಲ್ ಮತ್ತು ನೆಟ್‌ವರ್ಕಿನ ಭದ್ರತೆ. ಅಕ್ಕೋರಿಗೆ ಹೀಗೆ ತಿಳಿಸಿ ಹೇಳಿದ್ದೆ: ಫೋನಿನೊಳಗೆ ಕಳ್ಳರು ಹೇಗೆ ನುಗ್ಗುತ್ತಾರೆ, ನುಗ್ಗಿದ ಮೇಲೆ ಒಳಗಿನ ಸುದ್ದಿಯನ್ನು ಯಾರಿಗೆ ಮುಟ್ಟಿಸುತ್ತಾರೆ, ಅದನ್ನು ಹಿಡಿಯುವುದು ನನ್ನ ಕೆಲಸ.

"ಅಂದ್ರ ಪೊಲೀಸ್ ಆದಿ ಅನ್ನು," ಅಂದಿದ್ದರು.

ಹೇಗೆ ಹಿಡಿಯುತ್ತೇವೆಂದರೆ, ಲ್ಯಾಬಿನಲ್ಲಿ ಸಿಮ್ ಇಲ್ಲದ ಹಳೆ ಫೋನುಗಳ ಒಂದು ಸಾಲು ಇದೆ. ಹೊರಗಿನ ಗಾಳಿ ಸೋಕದ ಹಾಗೆ ಅವುಗಳಿಗೇ ಒಂದು ಬೇರೆ ನೆಟ್‌ವರ್ಕು. ಸಂಶಯದ ಫೈಲನ್ನು ಅಂಥ ಒಂದು ಫೋನಿಗೆ ಹಾಕಿ, ತೆರೆದು, ಅದು ಗುಟ್ಟಾಗಿ ಹೊರಗೆ ಯಾರಿಗೆ ಸುದ್ದಿ ಕಳಿಸಲು ನೋಡುತ್ತದೆ ಅಂತ ಕಾಯುತ್ತೇವೆ. ಕೆಲಸ ಮುಗಿದ ಮೇಲೆ ಆ ಫೋನನ್ನು ಪೂರ್ತಿ ಅಳಿಸಿಬಿಡಬೇಕು. ಏನೂ ಉಳಿಯಬಾರದು. ಅದು ಲ್ಯಾಬಿನ ಕಟ್ಟಪ್ಪಣೆ.

ಅಕ್ಕೋರು ಅಷ್ಟೊತ್ತಿಗೆ ನಿವೃತ್ತರಾಗಿ ಶಿಗ್ಗಾಂವಿಯಲ್ಲಿ ಅಣ್ಣನ ಮಗನ ಮನೆ ಸೇರಿದ್ದರು. ಕೈಯಲ್ಲೊಂದು ದೊಡ್ಡ ಫೋನು ಬಂದಿತ್ತು. ಕಲಿತು ಹೋದ ಮಕ್ಕಳೆಲ್ಲ ಅದರಲ್ಲಿದ್ದರು. ವಾರಕ್ಕೊಂದು ಲಗ್ನಪತ್ರಿಕೆ ಬರುತ್ತಿತ್ತು. ಹಿರೇಕೆರೂರಿಗೆ ಕೊಟ್ಟ ಹುಡುಗಿಯ ಮನೆಯ ಗೃಹಪ್ರವೇಶವಾದರೂ ಬಸ್ಸು ಬದಲಿಸಿ ಬದಲಿಸಿ ಹೋಗಿ, ಸವಣೂರ ಖಾರದ ಒಂದು ಪೊಟ್ಟಣ ಕೈಗಿಟ್ಟು ಬರುತ್ತಿದ್ದರು. ಕರೆದ ಮೇಲೆ ಹೋಗಬೇಕು.

ಒಂದು ಮಧ್ಯಾಹ್ನ ಅವ್ವನ ಫೋನು ಬಂತು.

"ಯವ್ವಾ, ಅಕ್ಕೋರು ಬಂದಾರ. ಸೀರಿ ತಂದಾರ, ನಿನ್ನ ಲಗ್ನಕ್ಕಂತ."

"ಯಾರ ಲಗ್ನ?"

"ಅದನ್ನ ನಾನೂ ಕೇಳಾಕತ್ತೇನಿ. ನಮಗ ಹೇಳಲಾರದ ಏನರ ಮಾಡ್ಕೊಂಡಿಯೇನ?"

ನಾನು ನಕ್ಕುಬಿಟ್ಟೆ. ಅಕ್ಕೋರು ಫೋನು ಇಸಿದುಕೊಂಡರು. ಅವರ ದನಿಯಲ್ಲಿ ಅಂಥ ಖುಷಿಯನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ. "ಅಂತೂ ಚೀಟಿ ಕಳಿಸಿದೆಲಾ! ನಿಮ್ಮವ್ವನ ನಂಬರಿಂದ ಬಂತು. ಹುಡುಗನ ಹೆಸರರ ನೋಡೂಣು ಅಂದ್ರ ಬಿಚ್ಚವಲ್ದು. ಅದು ಕೇಳಿದ್ದಕ್ಕೆಲ್ಲಾ ಹೂಂ ಹೂಂ ಅಂತ ಒತ್ತೇನಿ. ಆದ್ರೂ ಬಿಚ್ಚವಲ್ದು. ನೋಡೂಣು ಅಂತ ನಾನ ಬಂದೆ."

ಫೈಲಿನ ಹೆಸರು ಓದಿ ಹೇಳಿರಿ ಅಂದೆ.

ಆ ಫೈಲನ್ನು ನಾನು ಬಲ್ಲೆ. ಅದರ ಥರದವನ್ನೇ ಆ ವರ್ಷವೆಲ್ಲ ಲ್ಯಾಬಿನಲ್ಲಿ ಬಗೆದು ನೋಡುತ್ತಿದ್ದೆ. ಹೆಸರು 'ಮದುವೆ ಆಮಂತ್ರಣ'. ಒಳಗೆ ಪತ್ರಿಕೆ ಇಲ್ಲ, ಇರುವುದು ಒಂದು ಆ್ಯಪು. ಹೂಂ ಎಂದು ಒತ್ತಿದರೆ ಫೋನಿಗೆ ಬರುವ ಮೆಸೇಜುಗಳನ್ನೆಲ್ಲ, ಬ್ಯಾಂಕಿನ ಒಟಿಪಿಯನ್ನೂ, ಕಳ್ಳನಿಗೆ ದಾಟಿಸುತ್ತದೆ. ಆಮೇಲೆ ಆ ಫೋನಿನಲ್ಲಿರುವ ನಂಬರುಗಳಿಗೆಲ್ಲ ತನ್ನನ್ನು ತಾನೇ ಕಳಿಸಿಕೊಳ್ಳುತ್ತದೆ. ಅವ್ವನಿಗೆ ಯಾರೋ ಬಳಗದವರ ನಂಬರಿನಿಂದ ಬಂದಿತ್ತು, ಅವ್ವನಿಂದ ಅಕ್ಕೋರಿಗೆ. ಅಕ್ಕೋರು ಸೀರೆ ಕೊಳ್ಳುವ ಹೊತ್ತಿಗೆ, ಬಸ್ಸಿನಲ್ಲಿ ಕೂತ ಹೊತ್ತಿಗೆ, ಅದು ಅವರ ಫೋನಿನಿಂದ ಹೊರಟು ಮಕ್ಕಳೆಲ್ಲರ ಮನೆ ಮುಟ್ಟಿತ್ತು.

ನಮ್ಮೂರಲ್ಲಿ ಅದನ್ನು ತೆಗೆಯದವರೇ ಇಲ್ಲ ಅನ್ನಬೇಕು. ಅಪರಿಚಿತರು ಕಳಿಸಿದ್ದರೆ ಅರ್ಧ ಮಂದಿ ಬಿಡುತ್ತಿದ್ದರೇನೋ. ಕಳಿಸಿದವರು ಅಕ್ಕೋರು. ಜೀವಮಾನವೆಲ್ಲ ಇನ್ನೊಬ್ಬರ ಮನೆಗೆ ಕರೆಸಿಕೊಂಡು ಹೋದವರು ಮೊದಲ ಸಲ ತಾವು ಕರೆದಿದ್ದಾರೆ! ಯಾರು ಬಿಡುತ್ತಾರೆ? ಎಷ್ಟೋ ಮನೆಯ ಬ್ಯಾಂಕಿನ ಖಾತೆ ಅವತ್ತೇ ಬರಿದಾಯಿತು. ಅಕ್ಕೋರದೂ ಹೋಯಿತು. ಎಷ್ಟು ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ನಾನು ಊರಿಗೆ ಹೋಗಿ ಸಾಲಿಯ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದೆ. ಅಕ್ಕೋರೂ ಬಂದಿದ್ದರು. ಕುರ್ಚಿ ಹಾಕಿದರೂ ಕೂರದೆ, ಮಕ್ಕಳ ಗಿಡ್ಡ ಬೆಂಚಿನ ತುದಿಯಲ್ಲಿ ಕೂತರು. ಒಬ್ಬರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಒಬ್ಬೊಬ್ಬರೂ ಎದ್ದು ಅದೇ ಮಾತು ಹೇಳಿದರು.

"ಅಕ್ಕೋರು ಕಳಿಸ್ಯಾರ ಅಂತ ತಗದ್ನಿ."

"ಅಕ್ಕೋರ ಮನ್ಯಾಗಿನ ಲಗ್ನ ಅಂದ್ರ ನೋಡಲಾರದ ಇರಾಕ ಆಕ್ಕೈತೇನ್ರಿ?"

ದೊಡ್ಡಮನಿ ಹುಡುಗ, ಅವನಿಗೆ ಆಗಲೇ ಹೊಟ್ಟೆ ಬಂದಿತ್ತು, ನಗಿಸಲಿಕ್ಕೆ ನೋಡಿದ. "ನಮ್ಮ ಅಜ್ಜಿ ಇದ್ದಿದ್ರ ಅನ್ನಾಕಿ, ಅವತ್ತ ತಿಂದ ಗಿಣ್ಣದ ಬಾಕಿ ಈಗ ತೀರ್ತು ನೋಡ್ರಿ ಅಂತ."

ಯಾರೂ ನಗಲಿಲ್ಲ. ಅಕ್ಕೋರು ಎದ್ದು ನಿಂತರು. ಅದೇ ಕೋಣೆ, ಅದೇ ಹಲಗೆ. "ನಾ ಕಲಿಸಿದ್ದ ಮರೀರಿ," ಅಂದರು. "ಕರದಾರ ಅಂತ ಹೋಗಬ್ಯಾಡ್ರಿ. ಇಕಿ ಹೇಳೂದ ಕೇಳ್ರಿ." ಅಷ್ಟು ಹೇಳಿ ಕೂತರು.

ನಾನು ಹೇಳಿದೆ. ಗುರುತಿಲ್ಲದ ನಂಬರಿನ ಫೈಲು ಮುಟ್ಟಬೇಡಿರಿ. ಗುರುತಿದ್ದವರು ಕಳಿಸಿದರೂ ಫೋನು ಮಾಡಿ ಕೇಳಿ ತೆಗೆಯಿರಿ. ಗುರುತಿಲ್ಲದ ಫೋನು ಎತ್ತಬೇಡಿರಿ. ಸಂಶಯ ಬಂದದ್ದನ್ನು ನನಗೆ ಕಳಿಸಿರಿ, ನಾನು ನೋಡಿ ಹೇಳುತ್ತೇನೆ. ಪ್ರತಿಯೊಬ್ಬರ ಫೋನೂ ಕೈಗೆ ತೆಗೆದುಕೊಂಡು ಸೆಟ್ಟಿಂಗು ಬದಲಿಸಿದೆ. ಮತ್ತೆ ಮತ್ತೆ ಹೋಗಿ ಹೇಳಿದೆ. ಊರು ಕೇಳಿತು. ಅಕ್ಕೋರು ಹೇಳಿದ್ದನ್ನು ಕೇಳಿದ ಊರು, ಅಕ್ಕೋರು ಕೇಳೆಂದದ್ದನ್ನೂ ಕೇಳಿತು. ಆಮೇಲೆ ನಮ್ಮೂರಲ್ಲಿ ಒಬ್ಬರೂ ಮೋಸ ಹೋಗಲಿಲ್ಲ. ಗೈಡ್ ಸರ್ ಇದನ್ನು ಕೇಳಿ ಪ್ರಬಂಧದಲ್ಲಿ ಬರೆಯಲು ಹೇಳಿದರು. ಹೆಮ್ಮೆಯಿಂದ ಬರೆದೆ.

ಸಾಲಿಯಲ್ಲಿ ಎಲ್ಲ ಕೂಡಿದ ದಿನ ಅಕ್ಕೋರನ್ನು ಬಸ್ಸಿಗೆ ಹತ್ತಿಸಲು ಹೋದಾಗ ಅವರು ಒಂದು ಮಾತು ಕೇಳಿದರು.

"ಮುಂದ ನೀ ಖರೇನ ಚೀಟಿ ಕಳಿಸಿದ್ರ, ಅದು ನಿಂದ ಅಂತ ನಾ ಹೆಂಗ ತಿಳಕೊಳ್ಳಲಿ?"

ಇದಕ್ಕೆ ನನ್ನ ವಿದ್ಯೆಯಲ್ಲಿ ಬೇಕಾದಷ್ಟು ಉತ್ತರ ಇದೆ. ಅವನ್ನೆಲ್ಲ ಬಿಟ್ಟು, "ಕೈಯಾಗ ಹಿಡಕೊಂಡು ನಾನ ಬರ್ತೇನ್ರಿ ಅಕ್ಕೋರ," ಅಂದೆ.

"ಅರಿಷಿಣ ಹಚ್ಚಿಕೊಂಡು ಬಾ," ಅಂತ ನಕ್ಕರು. ಬಸ್ಸು ಬಂತು. ಸೀರೆಯನ್ನು ವಾಪಸ್ ಒಯ್ಯಲಿಲ್ಲ. ಅವ್ವನ ಹತ್ತಿರ ಬಿಟ್ಟುಹೋದರು.

ಆಮೇಲೆ ಅವರು ಯಾರ ಮನೆಗೂ ಹೋಗಲಿಲ್ಲ. ದೊಡ್ಡ ಫೋನು ಬಿಟ್ಟು, ಹೊಸ ನಂಬರು ತೆಗೆಸಿ, ಗುಂಡಿ ಒತ್ತುವ ಸಣ್ಣ ಫೋನು ಇಟ್ಟುಕೊಂಡರು. ಭಾನುವಾರ ಮಾತಾಡುತ್ತಿದ್ದೆವು. ಯಾರದೋ ಲಗ್ನಕ್ಕೆ ಯಾಕೆ ಹೋಗಲಿಲ್ಲ ಅಂತ ಒಮ್ಮೆ ಕೇಳಿದೆ. "ಖರೇ ಕರದಾರೋ ಇಲ್ಲೋ ಅಂತ ಮನಸ್ಸು ಅನ್ನಾಕತ್ತೈತಿ ನೋಡು," ಅಂದರು. ಹಣ ಹೋದದ್ದಕ್ಕಿಂತ ಈ ಮಾತಿಗೆ ನಾನು ಹೆಚ್ಚು ಹೆದರಿದೆ. ಚೀಟಿ ಹಿಡಿದು ಊರ ಬಾಗಿಲುಗಳನ್ನೆಲ್ಲ ತೆಗೆಸಿದವರು ತಮ್ಮ ಬಾಗಿಲು ಹಾಕಿಕೊಂಡಿದ್ದರು.

ಅದನ್ನು ನಾನು ತೆಗೆಸುತ್ತೇನೆ ಅಂದುಕೊಂಡೆ. ನನ್ನ ಪ್ರಬಂಧ ಮುಗಿದಿತ್ತು. ಕೊನೆಯ ಮೌಖಿಕ ಪರೀಕ್ಷೆಗೆ ದಿನ ಗೊತ್ತಾಗುವುದಿತ್ತು. ಅವತ್ತು ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಊರಲ್ಲಿ ಯಾರೂ ಮಾಡದ್ದು ಅಂದರೆ ಇದೇ ತಾನೆ? ದಿನ ಗೊತ್ತಾದ ಕೂಡಲೇ ಚೀಟಿ ಬರೆಯಬೇಕು, ಸೊಟ್ಟ ಅಕ್ಷರದಲ್ಲೇ ಬರೆಯಬೇಕು, ಅರಿಷಿಣ ಹಚ್ಚಬೇಕು, ಶಿಗ್ಗಾಂವಿಗೆ ಹೋಗಿ ಬಾಗಿಲಲ್ಲಿ ನಿಂತು ಕೊಡಬೇಕು. ಅವರು ಅದೇ ಸೀರೆಯನ್ನು ನನಗೆ ಉಡಿಸಬೇಕು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಲ್ಯಾಬಿಗೆ ಬರುವಾಗ ಹೋಗುವಾಗ ಇದನ್ನೇ ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ.

ಆ ದಿನಗಳಲ್ಲೇ ದೊಡ್ಡಮನಿ ಹುಡುಗ ಒಂದು ಫೈಲು ಕಳಿಸಿದ. ಹೆಸರು 'ಆಮಂತ್ರಣ'. ಕೆಳಗೆ ಬರೆದಿದ್ದ: "ಮತ್ತ ಶುರು ಆತು ನೋಡು. ಗುರ್ತಿಲ್ಲದ ನಂಬರಿಂದ ಎಲ್ಲಾರಿಗೂ ಬಂದೈತಿ. ಯಾರೂ ಮುಟ್ಟಿಲ್ಲ. ಶಾಬಾಸ್ ಅನ್ನು."

ನನಗೂ ಅದು ಬಂದಿತ್ತು, ನಾನೂ ಮುಟ್ಟಿರಲಿಲ್ಲ. ಶಾಬಾಸ್ ಅಂತ ಬರೆದೆ. ಫೈಲನ್ನು ನೋಡಬೇಕಾದವುಗಳ ಸಾಲಿಗೆ ಸೇರಿಸಿದೆ. ಅದರ ಮುಂದೆ ಬೇರೆ ಬಹಳ ಇದ್ದವು. ಆ ಭಾನುವಾರ ಅಕ್ಕೋರ ಫೋನು ಹತ್ತಲಿಲ್ಲ. ಚಾರ್ಜಿಗೆ ಹಾಕುವುದನ್ನು ಮರೆಯುವುದು ಅವರಿಗೆ ಹೊಸದಲ್ಲ...

ಮುಂದಿನ ವಾರ ಅದರ ಸರದಿ ಬಂತು. ಸಿಮ್ ಇಲ್ಲದ ಫೋನಿಗೆ ಹಾಕಿದೆ. ಎಂದಿನಂತೆ ಪಕ್ಕದ ಪರದೆಯ ಮೇಲೆ ಕಣ್ಣಿಟ್ಟು ಕಾದೆ. ಏನೂ ಅಲುಗಲಿಲ್ಲ. ಅನುಮತಿ ಕೇಳಲಿಲ್ಲ, ಹೊರಗೆ ಯಾರನ್ನೂ ಹುಡುಕಲಿಲ್ಲ. ಬಹಳ ಜಾಣತನದಿಂದ ಮಾಡಿದ ಮೋಸ ಇರಬೇಕು ಅಂದುಕೊಂಡೆ. ಖರೇ ಹೇಳಬೇಕೆಂದರೆ ಒಂಥರಾ ಖುಷಿಯೂ ಆಯಿತು, ಹೊಸದೊಂದು ಸಿಕ್ಕಿತಲ್ಲ ಅಂತ. ಇನ್ನಷ್ಟು ಬಗೆದೆ. ಒಳಗೆ ಏನೂ ಇರಲಿಲ್ಲ. ಬರೀ ಒಂದು ಪುಟ. "ಅಪಾಯವಿಲ್ಲ" ಎಂದು ಬರೆದುಕೊಂಡೆ. ಆಮೇಲೆ ಮೊದಲ ಸಲ ಆ ಫೋನಿನ ಕಡೆ ತಿರುಗಿ ಪುಟವನ್ನು ನೋಡಿದೆ.

ಅಕ್ಕೋರಿದ್ದರು. ಕನ್ನಡಕ, ಬಿಳಿ ಕೂದಲು, ಇಸ್ತ್ರಿ ಮಾಡಿದ ಸೀರೆ. ಕೆಳಗೆ ಅವರ ಹೆಸರು. ಪೂರ್ತಿ ಹೆಸರು ದಪ್ಪ ಅಕ್ಷರದಲ್ಲಿ ಕಂಡಾಗ ಇದು ಯಾರೋ ಬೇರೆಯವರು ಅನ್ನಿಸಿತು ಒಂದು ಗಳಿಗೆ. ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಅಂತ್ಯಕ್ರಿಯೆ ಇಂಥ ದಿನ, ಇಂಥ ಹೊತ್ತಿಗೆ. ದಿನ ಮುಗಿದುಹೋಗಿತ್ತು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ತಾವು ತಪ್ಪದೆ ಬರಬೇಕು.

ಕೈಯಲ್ಲಿನ ಪೆನ್ನು ಬಿದ್ದದ್ದು ಗೊತ್ತಾಗಲಿಲ್ಲ. ಪಕ್ಕದ ಮೇಜಿನ ಹುಡುಗಿ ಎತ್ತಿಕೊಟ್ಟು ಏನೋ ಕೇಳಿದಳು. ಹೊರಗೆ ಬಂದು ಅವ್ವನಿಗೆ ಫೋನು ಹಚ್ಚಿದೆ. ಸುದ್ದಿ ಹೇಳಿದೆ. ಅವ್ವ ಸಣ್ಣ ದನಿಯಲ್ಲಿ, "ಯಾವದೋ ಹೊಸಾ ನಂಬರಿಂದ ಫೋನ್ ಬಂದಿತ್ತ. ನೀ ಹೇಳಿದ್ದೆಲಾ... ಎತ್ತಲಿಲ್ಲ," ಅಂದಳು.

ಅವತ್ತೇ ಶಿಗ್ಗಾಂವಿಗೆ ಹೋದೆ. ಅಕ್ಕೋರ ಅಣ್ಣನ ಮಗ ಬಾಗಿಲಲ್ಲೇ ಕೂತಿದ್ದರು. ನೋವಿಲ್ಲದೆ, ಮಲಗಿದಲ್ಲೇ ಹೋದರಂತೆ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅರ್ಥವಾಗದ ಒಂದು ದಿಗಿಲು ಮಾತ್ರ ಮುಖದ ಮೇಲೆ ಕೂತಿತ್ತು. ನಮ್ಮೂರ ಹಳೆ ವಿದ್ಯಾರ್ಥಿಗಳ ನಂಬರು ಒಬ್ಬೊಬ್ಬರದೇ ಹುಡುಕಿ, ಅಷ್ಟೂ ಮಂದಿಗೆ ಕಳಿಸಿದ್ದರು. ಕೆಲವರಿಗೆ ಫೋನೂ ಮಾಡಿದ್ದರು. ಕಂಪ್ಯೂಟರ್ ಅಂಗಡಿಯವನು ಯಾವುದೋ ಲಗ್ನಪತ್ರಿಕೆಯ ಫೈಲಿನಲ್ಲೇ ಅಕ್ಷರ ಬದಲಿಸಿ, ಫೈಲಿನ 'ಆಮಂತ್ರಣ' ಎಂಬ ಹಳೆ ಹೆಸರನ್ನೂ ಕೊನೆಯ ಸಾಲನ್ನೂ ಹಾಗೇ ಬಿಟ್ಟಿದ್ದ. ಅಕ್ಕೋರು ತೀರಿಕೊಂಡರೆಂದು ಫೈಲಿನ ಜೊತೆ ಒಂದು ಸಾಲು ಬರೆಯುವುದು ಇವರಿಗೆ ಹೊಳೆದಿರಲಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ?

"ಅತ್ತಿ ಯಾವಾಗ್ಲೂ ಅಂತಿದ್ಲರಿ, ನಾ ಹ್ವಾದ ದಿನಾ ಊರಿಗೂರ ಬರ್ತೈತಿ, ಕುಂದರಾಕ ಜಾಗಾ ಸಾಲೂದ್ದಿಲ್ಲ ಅಂತ. ಪೆಂಡಾಲ ಹಾಕಿಸಿದ್ನಿ. ಕುರ್ಚಿ ತರಿಸಿದ್ನಿ. ಬಂದಾವರಿಗೆ ಹೊಳ್ಳಿ ಹೋಗಾಕ ಬಸ್ ಸಿಗಲಿಲ್ಲಂದ್ರ ಅಂತ ಟ್ರ್ಯಾಕ್ಟರ್ ಹೇಳಿದ್ನಿ." ಅವರು ಅಂಗಳದ ಕಡೆ ನೋಡಿದರು. "ಓಣಿಯವರಷ್ಟ ಬಂದ್ರು. ಹೊತ್ತ ಮೀರಿದ್ರೂ ಕಾದ್ವಿ. ಟ್ರ್ಯಾಕ್ಟರ್ ಖಾಲಿ ನಿಂತಿತ್ತು. ಯಾಕ ಬರಲಿಲ್ಲರಿ ನಿಮ್ಮೂರವರು? ಆ ರೊಕ್ಕದ ಸಿಟ್ಟು ಇನ್ನೂ ಇತ್ತೇನ್ರಿ?"

ಇವರು ಹಾಗೆ ತಿಳಿದುಕೊಂಡಿದ್ದರು. ಎಲ್ಲರೂ ಓದಿದರು, ಬೇಕೆಂದೇ ಬರಲಿಲ್ಲ ಅಂತ. ನಾನು ಎಲ್ಲ ಹೇಳಿದೆ. ಸಾಲಿಯ ಕೋಣೆ, ಬದಲಿಸಿದ ಸೆಟ್ಟಿಂಗು, ಶಾಬಾಸ್, ಎಲ್ಲ. ಅವರು ಕೇಳುತ್ತ ಕೇಳುತ್ತ ತಮ್ಮ ಫೋನು ತೆಗೆದು ಒಂದೊಂದೇ ಹೆಸರಿಗೆ ಹೋಗಿ ನೋಡತೊಡಗಿದರು. ಕಳಿಸಿದ್ದು ಎಲ್ಲರಿಗೂ ಮುಟ್ಟಿತ್ತು. ಒಬ್ಬರೂ ತೆರೆದಿರಲಿಲ್ಲ, ನಾನೂ.

"ಹಂಗಾರ... ಅತ್ತಿ ಹೇಳಿದ್ದನ್ನ ಮಾಡ್ಯಾರ," ಅಂದರು. ಅವರು ಸಮಾಧಾನಕ್ಕೆ ಅಂದರೋ ಹೇಗೋ ಗೊತ್ತಿಲ್ಲ. ಅದಕ್ಕಿಂತ ಕಠಿಣವಾದ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಊರಿಗೆ ಸುದ್ದಿ ಮುಟ್ಟಿದ ದಿನ ಒಲೆ ಹೊತ್ತದ ಮನೆಗಳಿದ್ದವು. ಎಲ್ಲರೂ ಕೂಡಿ ಶಿಗ್ಗಾಂವಿಗೆ ಹೋಗಿ ಬಂದರು. ಅಣ್ಣನ ಮಗ ಚಹಾ ಕೊಟ್ಟರು. ಯಾರಿಗೂ ಯಾರ ಮುಖವನ್ನೂ ನೋಡಲಾಗಲಿಲ್ಲವಂತೆ.

ನಾನು ಹೇಳಿದ್ದು ತಪ್ಪೆಂದು ಈಗಲೂ ಹೇಳಲಾರೆ. ನಾಳೆ ಊರಿಗೆ ಹೋದರೂ ಅದನ್ನೇ ಹೇಳಬೇಕು. ಆದರೆ ಒಂದು ಊರನ್ನು ಕಾಯುವುದೆಂದರೆ ಇಷ್ಟು ಗಟ್ಟಿಯಾಗಿ ಬಾಗಿಲು ಹಾಕುವುದು ಅಂತ, ಅಷ್ಟು ವರ್ಷ ಓದಿದರೂ, ನನಗೆ ಗೊತ್ತಿರಲಿಲ್ಲ...

ಹೋದ ಸೋಮವಾರ ಬಂದ ಪತ್ರಿಕೆ ದೊಡ್ಡಮನಿ ಹುಡುಗನದೇ ಲಗ್ನದ್ದು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಒಂದು ಕಾಲಕ್ಕೆ ಅವನ ಮನೆಯ ಹೊಸ್ತಿಲಲ್ಲಿ ಅಕ್ಕೋರು ಚೀಟಿ ಹಿಡಿದು ನಿಂತ ಹಾಗೇ.

"ಒಳಗ ಬಾ, ಕುಂದ್ರು," ಅಂದೆ.

"ಫೋನ್‌ನ್ಯಾಗ ಕಳಿಸಿದ್ರ ನೀ ಬಿಚ್ಚಾಕಿ ಅಲ್ಲ. ಅದಕ್ಕ ಬಂದ್ನಿ," ಅಂದ. ನಗಲು ನೋಡಿದ, ಆಗಲಿಲ್ಲ. ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಅಕ್ಕೋರಿಗೆ ಮೊದಲನೇ ಪತ್ರಿಕೆ ಕೊಡೂದಿತ್ತು. ನಮ್ಮನಿಗೆ ಬಂದ ಮೊದಲನೇ ಚೀಟಿ... ಅಲ್ಲ, ನಾ ಬರದ ಮೊದಲನೇ ಚೀಟಿ..." ಗಾಡಿಗೆ ಹೊತ್ತಾಯಿತು ಅಂತ ಎದ್ದ.

ನನ್ನ ಪರೀಕ್ಷೆಯ ದಿನ ಈಗ ಗೊತ್ತಾಗಿದೆ. ಅವ್ವ ಅಕ್ಕೋರ ಸೀರೆಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದ್ದಾಳಂತೆ. ಚೀಟಿ ಬರೆಯಲು ಎರಡು ಸಲ ಕೂತೆ. "ಪೂಜ್ಯ ಅಕ್ಕೋರಿಗೆ" ಎಂಬಲ್ಲಿಂದ ಮುಂದೆ ಪೆನ್ನು ಹೋಗಲಿಲ್ಲ.

ಮೇಜಿನ ಕೊನೆಗೆ ಆ ಹಳೆ ಫೋನಿದೆ. ಸಿಮ್ ಇಲ್ಲ, ಹೊರಗಿನ ಗಾಳಿ ಸೋಕುವುದಿಲ್ಲ. ಕೆಲಸ ಮುಗಿದ ಮೇಲೆ ಅಳಿಸಬೇಕು ಅನ್ನುವುದು ನಿಯಮ. ಸಾಲಿನಲ್ಲಿರುವ ಬೇರೆ ಫೋನುಗಳನ್ನೆಲ್ಲ ಅಳಿಸಿದ್ದೇನೆ, ಅದೊಂದನ್ನು ಮಾತ್ರ ಅಳಿಸಿಲ್ಲ. ಅರಿಷಿಣದ ಬೆರಳು ತಾಗಿ ಇವತ್ತು ಅದರ ಪರದೆ ಹತ್ತಿಕೊಂಡಿತು. ಅಕ್ಕೋರು ಅಲ್ಲೇ ಇದ್ದರು, ಕನ್ನಡಕದ ಹಿಂದಿನಿಂದ ನೋಡುತ್ತ. ಕೆಳಗೆ ಅದೇ ಸಾಲು. ತಾವು ತಪ್ಪದೆ ಬರಬೇಕು.

ಅವರು ಒಮ್ಮೆಯೇ ಕರೆದಿದ್ದರು. ನಾವು ಹೋಗಲಿಲ್ಲ.